ಸರ್ವರ್‌ನ ಪಾಸ್‌ವರ್ಡ್ 'ಎನ್‌ಕ್ರಿಪ್ಟ್' ಮಾಡಿಟ್ಟರೆ ನಿಮ್ಮ ಮಾಹಿತಿ ಸುರಕ್ಷಿತವೇ?

ಯಾವುದೋ ಕಂಪನಿಯಿಂದ ಲಕ್ಷಾಂತರ ಗ್ರಾಹಕರ ಮಾಹಿತಿ ಸೋರಿಕೆಯಾಗಿದೆ ಎಂಬ ಸುದ್ದಿ ಬಂದ ಕೂಡಲೇ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಎರಡು ಬಗೆಯ ಸಂದೇಶಗಳು ಹರಿದಾಡುತ್ತವೆ. 'ಎಲ್ಲರೂ ಈಗಲೇ ಪಾಸ್‌ವರ್ಡ್ ಬದಲಿಸಿ' ಎನ್ನುವುದು ಒಂದು. 'ಭಯ ಬೇಡ, ಅಲ್ಲಿ ಎಲ್ಲವೂ ಎನ್‌ಕ್ರಿಪ್ಟ್ ಆಗಿದೆ' ಎನ್ನುವುದು ಇನ್ನೊಂದು. ಎರಡೂ ಸಂದೇಶಗಳಲ್ಲಿ ಒಂದು ಮುಖ್ಯ ಸಂಗತಿ ಬಿಟ್ಟುಹೋಗಿರುತ್ತದೆ. ನಿಮಗೆ ಒಂದು ಪಾಸ್‌ವರ್ಡ್ ಇರುವಂತೆಯೇ ಆ ಆ್ಯಪ್‌ಗೂ ತನ್ನದೇ ಆದ ಪಾಸ್‌ವರ್ಡ್ ಇರುತ್ತದೆ. ನಿಮ್ಮ ಪಾಸ್‌ವರ್ಡ್ ಕಳುವಾದರೆ ನಿಮ್ಮ ಒಂದು ಖಾತೆ ತೆರೆದುಕೊಳ್ಳುತ್ತದೆ. ಆ್ಯಪ್‌ನ ಪಾಸ್‌ವರ್ಡ್ ಕಳುವಾದರೆ ಎಲ್ಲರ ಖಾತೆಗಳ ಮಾಹಿತಿಯೂ ಒಟ್ಟಿಗೆ ತೆರೆದುಕೊಳ್ಳಬಹುದು.

ಆ ಪಾಸ್‌ವರ್ಡ್ ಎಲ್ಲಿರುತ್ತದೆ? ಅದನ್ನು ಬಚ್ಚಿಡುವುದು ಹೇಗೆ? 'ಎನ್‌ಕ್ರಿಪ್ಟ್ ಮಾಡಿದ್ದೇವೆ' ಎಂಬ ಮಾತನ್ನು ಎಷ್ಟು ನಂಬಬಹುದು? ಈ ಲೇಖನದಲ್ಲಿ ನೋಡೋಣ.

ಸಂಕ್ಷಿಪ್ತವಾಗಿ

• ಸರ್ವರ್ ತಂತ್ರಾಂಶಕ್ಕೆ ಬೇಕಾದ ಪಾಸ್‌ವರ್ಡ್‌ಗಳು ಸಾಮಾನ್ಯವಾಗಿ ಕಾನ್ಫಿಗರೇಷನ್ ಫೈಲ್ ಎಂಬ ಕಡತದಲ್ಲಿರುತ್ತವೆ.
• ಆ ಕಡತದಲ್ಲಿ ಪಾಸ್‌ವರ್ಡನ್ನು ಎನ್‌ಕ್ರಿಪ್ಟ್ ಮಾಡಿಟ್ಟ ಮಾತ್ರಕ್ಕೆ ಅದು ಸುರಕ್ಷಿತವಾಗುವುದಿಲ್ಲ. ಬಿಡಿಸುವ ಕೀ ಕೂಡ ಅದೇ ಸರ್ವರ್‌ನಲ್ಲಿದ್ದರೆ ಎನ್‌ಕ್ರಿಪ್ಟ್ ಮಾಡಿ ಹೆಚ್ಚಿನ ಲಾಭವಿಲ್ಲ.
• ಕಡತವನ್ನು ಯಾರು ಓದಬಲ್ಲರು, ಆ ಪಾಸ್‌ವರ್ಡ್‌ಗೆ ಎಷ್ಟು ಅಧಿಕಾರವಿದೆ, ಅದನ್ನು ಎಷ್ಟು ಬೇಗ ಬದಲಿಸಬಹುದು ಎಂಬ ಮೂರು ಸಂಗತಿಗಳ ಮೇಲೆ ಸುರಕ್ಷತೆ ನಿಂತಿದೆ.
• ಟೊಯೋಟಾ, ಊಬರ್‌ನಂಥ ದೊಡ್ಡ ಕಂಪನಿಗಳೂ ಇದರಲ್ಲಿ ಎಡವಿವೆ.

ಆ್ಯಪ್‌ಗೆ ಪಾಸ್‌ವರ್ಡ್ ಏಕೆ ಬೇಕು?

ನೀವು ಫೋನಿನಲ್ಲಿ ಬಸ್ ಟಿಕೆಟ್ ಕಾಯ್ದಿರಿಸುತ್ತೀರಿ ಎಂದುಕೊಳ್ಳಿ. ನಿಮ್ಮ ಕೋರಿಕೆ ಇಂಟರ್ನೆಟ್ ಮೂಲಕ ಕಂಪನಿಯ ಸರ್ವರ್‌ಗೆ ಹೋಗುತ್ತದೆ. ಸರ್ವರ್ ಎಂದರೆ ದಿನದ 24 ಗಂಟೆಯೂ ಚಾಲೂ ಇರುವ, ಬೇರೆ ಕಂಪ್ಯೂಟರ್‌ಗಳ ಕೋರಿಕೆಗೆ ಉತ್ತರಿಸುವ ಕಂಪ್ಯೂಟರ್. ನಿಮ್ಮ ಹೆಸರು, ಫೋನ್ ನಂಬರ್, ಸೀಟಿನ ವಿವರ ಎಲ್ಲವೂ ಡೇಟಾಬೇಸ್ ಎಂಬ ಇನ್ನೊಂದು ಉಗ್ರಾಣದಲ್ಲಿರುತ್ತವೆ.

ಕೇಳಿದವರಿಗೆಲ್ಲ ಡೇಟಾಬೇಸ್ ಬಾಗಿಲು ತೆರೆಯುವುದಿಲ್ಲ. ನೀವು ಯಾರು, ಪಾಸ್‌ವರ್ಡ್ ಏನು ಎಂದು ಸರ್ವರ್ ತಂತ್ರಾಂಶವನ್ನೂ ಅದು ಕೇಳುತ್ತದೆ. ಹಾಗೆಯೇ ಎಸ್ಎಂಎಸ್ ಕಳುಹಿಸುವ ಸೇವೆ, ಹಣ ಪಾವತಿ ಸೇವೆ, ಫೋಟೋಗಳನ್ನಿಡುವ ಕ್ಲೌಡ್ ಸಂಗ್ರಹ, ಇವೆಲ್ಲಕ್ಕೂ ಒಂದೊಂದು ಪಾಸ್‌ವರ್ಡ್ ಅಥವಾ 'ಕೀ' ಬೇಕು. ಇಲ್ಲಿ ಕೀ ಎಂದರೆ ಅಕ್ಷರ ಮತ್ತು ಅಂಕಿಗಳ ಒಂದು ಉದ್ದನೆಯ ಸರಣಿ. ಅದು ಯಾರ ಕೈಯಲ್ಲಿದೆಯೋ ಅವರಿಗೆ ಬಾಗಿಲು ತೆರೆಯುತ್ತದೆ.

ನಡುರಾತ್ರಿ 2 ಗಂಟೆಗೆ ಕರೆಂಟು ಹೋಗಿ ಬಂದು ಸರ್ವರ್ ಮತ್ತೆ ಚಾಲೂ ಆದರೆ ಆ ಪಾಸ್‌ವರ್ಡ್ ಟೈಪ್ ಮಾಡಲು ಅಲ್ಲಿ ಯಾರೂ ಕೂತಿರುವುದಿಲ್ಲ. ತಂತ್ರಾಂಶವೇ ಅದನ್ನು ಎಲ್ಲಿಂದಲಾದರೂ ಓದಿಕೊಳ್ಳಬೇಕು. ಆದ್ದರಿಂದ ಅದನ್ನು ಒಂದು ಕಡತದಲ್ಲಿ ಬರೆದಿಡುವ ರೂಢಿ ಬಂತು. ತಂತ್ರಾಂಶ ಹೇಗೆ ನಡೆಯಬೇಕು, ಯಾವ ಡೇಟಾಬೇಸ್‌ಗೆ ಸಂಪರ್ಕಿಸಬೇಕು ಎಂಬ ಸೂಚನೆಗಳಿರುವ ಈ ಕಡತವೇ ಕಾನ್ಫಿಗರೇಷನ್ ಫೈಲ್. ಡೆವಲಪರ್‌ಗಳು ಚುಟುಕಾಗಿ 'ಕಾನ್ಫಿಗ್' ಎನ್ನುತ್ತಾರೆ.

ನಿಮ್ಮ ಪಾಸ್‌ವರ್ಡ್ ಬೇರೆ, ಸರ್ವರ್‌ನ ಪಾಸ್‌ವರ್ಡ್ ಬೇರೆ

ಈ ವಿಷಯದಲ್ಲಿ ಮೂರು ಪದಗಳನ್ನು ಕಲಸಿ ಬಳಸುವುದರಿಂದಲೇ ಹೆಚ್ಚಿನ ಗೊಂದಲ ಹುಟ್ಟುತ್ತದೆ. ಅವನ್ನು ಬಿಡಿಸಿ ನೋಡೋಣ.

ಹ್ಯಾಶಿಂಗ್: ಇದು ಒಮ್ಮುಖ ರಸ್ತೆ. ರಾಗಿಯನ್ನು ಹಿಟ್ಟು ಮಾಡಬಹುದು, ಹಿಟ್ಟನ್ನು ಮತ್ತೆ ರಾಗಿ ಮಾಡಲಾಗದು. ಸರಿಯಾಗಿ ಕಟ್ಟಿದ ಜಾಲತಾಣಗಳು ನಿಮ್ಮ ಪಾಸ್‌ವರ್ಡನ್ನು ಇದ್ದಂತೆಯೇ ಉಳಿಸಿಕೊಳ್ಳುವುದಿಲ್ಲ, ಅದರ ಹ್ಯಾಶ್ ಅನ್ನು ಮಾತ್ರ ಇಟ್ಟುಕೊಳ್ಳುತ್ತವೆ. ನೀವು ಲಾಗಿನ್ ಆದಾಗ ನಿಮ್ಮ ಪಾಸ್‌ವರ್ಡನ್ನು ಮತ್ತೆ ಅದೇ ಗಿರಣಿಗೆ ಹಾಕಿ, ಬಂದ ಫಲಿತಾಂಶ ಹಳೆಯದಕ್ಕೆ ಹೊಂದುತ್ತದೆಯೇ ಎಂದು ನೋಡುತ್ತವೆ. 'ಪಾಸ್‌ವರ್ಡ್ ಮರೆತಿದ್ದೇನೆ' ಎಂದು ಒತ್ತಿದರೆ ಹಳೆಯದನ್ನು ತಿಳಿಸದೆ ಹೊಸದನ್ನು ಹಾಕಲು ಹೇಳುವುದು ಇದೇ ಕಾರಣಕ್ಕೆ.

ಎನ್‌ಕ್ರಿಪ್ಷನ್: ಇದು ಇಮ್ಮುಖ ರಸ್ತೆ. ಒಂದು ಕೀ ಬಳಸಿ ಮಾಹಿತಿಯನ್ನು ಓದಲಾಗದಂತೆ ಮಾಡಬಹುದು. ಸರಿಯಾದ ಕೀ ಇದ್ದರೆ ಮೊದಲಿನ ಮಾಹಿತಿಯನ್ನು ಮರಳಿ ಪಡೆಯಬಹುದು.

ಎನ್‌ಕೋಡಿಂಗ್: ಇದಕ್ಕೆ ಕೀ ಬೇಡವೇ ಬೇಡ. ಮಾಹಿತಿಯನ್ನು ಬೇರೊಂದು ರೂಪದಲ್ಲಿ ಬರೆಯುವುದಷ್ಟೇ. ನಿಯಮ ಗೊತ್ತಿದ್ದ ಯಾರು ಬೇಕಾದರೂ ಬಿಡಿಸಬಹುದು.

ಸರ್ವರ್‌ನ ಸಮಸ್ಯೆ ಇರುವುದು ಇಲ್ಲೇ. ನಿಮ್ಮ ಪಾಸ್‌ವರ್ಡ್ ಸರಿಯೇ ಎಂದು ಪರೀಕ್ಷಿಸಲು ಹ್ಯಾಶ್ ಸಾಕು. ಆದರೆ ಸರ್ವರ್ ತಾನೇ ಹೋಗಿ ಡೇಟಾಬೇಸ್‌ನ ಬಾಗಿಲು ತಟ್ಟುವಾಗ ಅಸಲು ಪಾಸ್‌ವರ್ಡನ್ನೇ ಹೇಳಬೇಕಾಗುತ್ತದೆ. ಹಾಗಾಗಿ ಅದನ್ನು ಹ್ಯಾಶ್ ಮಾಡಿಟ್ಟರೆ ಕೆಲಸಕ್ಕೆ ಬಾರದು. ಮರಳಿ ಪಡೆಯುವ ರೂಪದಲ್ಲೇ ಇಡಬೇಕು.

ಹೇಳಿಕೆ 1: 'ಕಾನ್ಫಿಗ್ ಫೈಲ್‌ನಲ್ಲಿ ಪಾಸ್‌ವರ್ಡ್ ಎನ್‌ಕ್ರಿಪ್ಟ್ ಆಗಿದೆ, ಆದ್ದರಿಂದ ಸುರಕ್ಷಿತ'

ವಾಸ್ತವ: ಇದು ಅರ್ಧ ಸತ್ಯ.

ಎನ್‌ಕ್ರಿಪ್ಟ್ ಮಾಡಿದ ಪಾಸ್‌ವರ್ಡನ್ನು ಸರ್ವರ್ ಬಳಸಬೇಕಾದರೆ ಮೊದಲು ಅದನ್ನು ಬಿಡಿಸಬೇಕು. ಬಿಡಿಸಲು ಕೀ ಬೇಕು. ಆ ಕೀ ಎಲ್ಲಿದೆ? ಅದೇ ಸರ್ವರ್‌ನ ಇನ್ನೊಂದು ಕಡತದಲ್ಲಿದ್ದರೆ, ಮೊದಲ ಕಡತ ಓದಲು ಒಳಗೆ ಬಂದವನು ಎರಡನೆಯದನ್ನೂ ಓದುತ್ತಾನೆ. ಮನೆಗೆ ಬೀಗ ಹಾಕಿ ಕೀಲಿಕೈಯನ್ನು ಬಾಗಿಲ ಪಕ್ಕದ ಹೂವಿನ ಕುಂಡದ ಕೆಳಗಿಟ್ಟಂತೆ. ಕುಂಡದ ಕೆಳಗಿನ ಕೀಲಿಕೈಯನ್ನು ಒಂದು ಡಬ್ಬಿಗೆ ಹಾಕಿ, ಆ ಡಬ್ಬಿಯ ಕೀಲಿಕೈಯನ್ನು ಪಕ್ಕದ ಕುಂಡದ ಕೆಳಗಿಟ್ಟರೆ ಕಳ್ಳನಿಗೆ ಒಂದು ನಿಮಿಷ ಹೆಚ್ಚು ಹಿಡಿಯಬಹುದು, ಅಷ್ಟೇ.

ಜಾವಾ ಭಾಷೆಯಲ್ಲಿ ಬರೆದ ಜಾಲತಾಣಗಳನ್ನು ನಡೆಸಲು ಜಗತ್ತಿನಾದ್ಯಂತ ಬಳಸುವ ಅಪಾಚೆ ಟಾಮ್‌ಕ್ಯಾಟ್ ಎಂಬ ಉಚಿತ ಸರ್ವರ್ ತಂತ್ರಾಂಶವಿದೆ. ಅದರ ಕಾನ್ಫಿಗ್ ಕಡತದಲ್ಲಿ ಡೇಟಾಬೇಸ್ ಪಾಸ್‌ವರ್ಡ್ ಸಾದಾ ಅಕ್ಷರದಲ್ಲೇ ಇರುತ್ತದೆ. ಇದು ನಿರ್ಲಕ್ಷ್ಯವಲ್ಲವೇ ಎಂಬ ಪ್ರಶ್ನೆ ಬಹಳ ಹಳೆಯದು. ಟಾಮ್‌ಕ್ಯಾಟ್ ರೂಪಿಸುವವರು ಕೊಡುವ ಉತ್ತರದ ಸಾರ ಇಷ್ಟು: ಡೇಟಾಬೇಸ್‌ಗೆ ಸಂಪರ್ಕಿಸಲು ಅಸಲು ಪಾಸ್‌ವರ್ಡ್ ಬೇಕೇ ಬೇಕು. ಟಾಮ್‌ಕ್ಯಾಟ್‌ನ ಮೂಲ ಕೋಡ್ ಎಲ್ಲರಿಗೂ ಲಭ್ಯವಿದೆ, ಹಾಗಾಗಿ ಬಿಡಿಸುವ ವಿಧಾನವೂ ಎಲ್ಲರಿಗೂ ಗೊತ್ತಾಗುತ್ತದೆ. ಆದ್ದರಿಂದ ಪಾಸ್‌ವರ್ಡನ್ನು ಮರೆಮಾಚುವ ಬದಲು ಕಡತವನ್ನೇ ಬೇರೆಯವರು ಓದದಂತೆ ಕಾಪಾಡಬೇಕು.

ಇದೇ ಟಾಮ್‌ಕ್ಯಾಟ್‌ನಲ್ಲಿ ಒಳಬರುವ ನಿರ್ವಾಹಕರ ಪಾಸ್‌ವರ್ಡ್‌ಗಳನ್ನು ಹ್ಯಾಶ್ ಮಾಡಿಡಲು ಅವಕಾಶವಿದೆ. ಒಳಬರುವವರ ಪಾಸ್‌ವರ್ಡನ್ನು ಹೋಲಿಸಿ ನೋಡಿದರೆ ಸಾಕು, ಹೊರಹೋಗುವಾಗ ಹೇಳಬೇಕಾದ ಪಾಸ್‌ವರ್ಡ್ ಮಾತ್ರ ಅಸಲು ರೂಪದಲ್ಲೇ ಬೇಕು. ಮೇಲೆ ಹೇಳಿದ ವ್ಯತ್ಯಾಸ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಕೀ ಎಲ್ಲರ ಕೈಗೆ ಸಿಕ್ಕರೆ ಏನಾಗುತ್ತದೆ ಎಂಬುದಕ್ಕೆ ಮೈಕ್ರೋಸಾಫ್ಟ್‌ನ ಉದಾಹರಣೆಯೇ ಇದೆ. ಒಂದು ಸಂಸ್ಥೆಯ ಎಲ್ಲ ವಿಂಡೋಸ್ ಕಂಪ್ಯೂಟರ್‌ಗಳಿಗೆ ಒಟ್ಟಿಗೆ ಸೆಟ್ಟಿಂಗ್ ಕಳುಹಿಸಲು 'ಗ್ರೂಪ್ ಪಾಲಿಸಿ ಪ್ರಿಫರೆನ್ಸಸ್' ಎಂಬ ಸೌಲಭ್ಯವಿತ್ತು. ಅದರ ಮೂಲಕ ಕಳುಹಿಸಿದ ಪಾಸ್‌ವರ್ಡ್‌ಗಳು ಒಂದು ಕಡತದಲ್ಲಿ, 256 ಬಿಟ್ ಎಇಎಸ್ ಎಂಬ ಬಲವಾದ ವಿಧಾನದಲ್ಲಿ ಎನ್‌ಕ್ರಿಪ್ಟ್ ಆಗಿರುತ್ತಿದ್ದವು. ಆದರೆ ಜಗತ್ತಿನ ಎಲ್ಲ ಸಂಸ್ಥೆಗಳಿಗೂ ಬಿಡಿಸುವ ಕೀ ಒಂದೇ ಆಗಿತ್ತು. ಮೈಕ್ರೋಸಾಫ್ಟ್ ಆ ಕೀಯನ್ನು ತನ್ನ ತಾಂತ್ರಿಕ ದಾಖಲೆಗಳಲ್ಲಿ ತಾನೇ ಪ್ರಕಟಿಸಿತ್ತು. ಸಂಸ್ಥೆಯ ನೆಟ್‌ವರ್ಕ್‌ಗೆ ಲಾಗಿನ್ ಇದ್ದ ಯಾವ ನೌಕರ ಬೇಕಾದರೂ ಆ ಕಡತ ಓದಬಹುದಿತ್ತು. 2014ರ ಮೇ ತಿಂಗಳ ಅಪ್‌ಡೇಟ್‌ನಲ್ಲಿ ಮೈಕ್ರೋಸಾಫ್ಟ್ ಈ ರೀತಿ ಪಾಸ್‌ವರ್ಡ್ ಇಡುವುದನ್ನೇ ನಿಲ್ಲಿಸಿತು. ಆದರೆ ಅದಾಗಲೇ ಬರೆದಿಟ್ಟಿದ್ದ ಕಡತಗಳನ್ನು ಆ ಅಪ್‌ಡೇಟ್ ಅಳಿಸಲಿಲ್ಲ. ಅವನ್ನು ಹುಡುಕಿ ತೆಗೆಯುವ ಕೆಲಸ ಆಯಾ ಸಂಸ್ಥೆಗಳ ಮೇಲೆಯೇ ಬಿತ್ತು. ಬೀಗ ಎಷ್ಟೇ ಗಟ್ಟಿಯಾಗಿದ್ದರೂ ಕೀಲಿಕೈ ಊರಿನವರ ಕೈಯಲ್ಲೆಲ್ಲ ಇದ್ದರೆ ಏನು ಪ್ರಯೋಜನ?

ಹೇಳಿಕೆ 2: 'ಓದಿದರೆ ಅರ್ಥವಾಗುವುದಿಲ್ಲ, ಹಾಗಾಗಿ ಗುಪ್ತವಾಗಿದೆ'

ವಾಸ್ತವ: ಸುಳ್ಳು.

ಕೆಲವು ಕಾನ್ಫಿಗ್ ಕಡತಗಳಲ್ಲಿ ಪಾಸ್‌ವರ್ಡ್ ಅರ್ಥವಿಲ್ಲದ ಅಕ್ಷರಗಳ ಸಾಲಿನಂತೆ ಕಾಣುತ್ತದೆ. ಅನೇಕ ಸಲ ಅದು ಬೇಸ್ 64 ಎಂಬ ಎನ್‌ಕೋಡಿಂಗ್ ಆಗಿರುತ್ತದೆ. ಇಂಗ್ಲಿಷಿನ 26 ದೊಡ್ಡಕ್ಷರ, 26 ಚಿಕ್ಕಕ್ಷರ, 10 ಅಂಕಿ, 2 ಚಿಹ್ನೆ, ಒಟ್ಟು 64 ಗುರುತುಗಳಲ್ಲಿ ಯಾವುದೇ ಮಾಹಿತಿಯನ್ನು ಬರೆಯುವ ವಿಧಾನವಿದು. ಇಮೇಲ್‌ನಲ್ಲಿ ಫೋಟೋ ಕಳುಹಿಸುವಾಗ ತೆರೆಮರೆಯಲ್ಲಿ ಬಳಕೆಯಾಗುವುದೂ ಇದೇ. ಮಾಹಿತಿ ಕೆಡದಂತೆ ಸಾಗಿಸುವುದಷ್ಟೇ ಇದರ ಕೆಲಸ, ಗುಟ್ಟು ಕಾಯುವ ಉದ್ದೇಶವೇ ಇದಕ್ಕಿಲ್ಲ. ಯಾವುದೇ ಉಚಿತ ಉಪಕರಣದಿಂದ ಕ್ಷಣಾರ್ಧದಲ್ಲಿ ಬಿಡಿಸಬಹುದು. ಕನ್ನಡ ಪದವನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆದರೆ ಅದು ಗುಪ್ತ ಸಂದೇಶವಾಗುತ್ತದೆಯೇ? ಇದೂ ಹಾಗೆಯೇ.

ಮೈಎಸ್‌ಕ್ಯೂಎಲ್ ಡೇಟಾಬೇಸ್‌ನ ಒಂದು ಉಪಕರಣ ಲಾಗಿನ್ ವಿವರಗಳನ್ನು ಮರೆಮಾಚಿದ ಕಡತದಲ್ಲಿ ಉಳಿಸುತ್ತದೆ. ಪಟ್ಟುಹಿಡಿದು ಬಿಡಿಸಲು ಹೊರಟವರನ್ನು ಇದು ತಡೆಯಲಾರದು ಎಂದು ಅದರ ಅಧಿಕೃತ ಕೈಪಿಡಿಯೇ ಹೇಳುತ್ತದೆ. ಪಕ್ಕದಲ್ಲಿ ಕೂತವರು ಪರದೆ ಮೇಲೆ ಇಣುಕಿದಾಗ ಪಾಸ್‌ವರ್ಡ್ ಕಾಣದಿರಲಿ ಎಂಬಷ್ಟಕ್ಕೆ ಇದು ಉಪಯುಕ್ತ.

ಹೇಳಿಕೆ 3: 'ಬ್ರೌಸರ್‌ನಲ್ಲಿ ಬೀಗದ ಚಿಹ್ನೆ ಇದೆ, ಇನ್ನೇನು ಚಿಂತೆ?'

ವಾಸ್ತವ: ಆ ಚಿಹ್ನೆಗೂ ಈ ವಿಷಯಕ್ಕೂ ಸಂಬಂಧವಿಲ್ಲ. ನಿಮ್ಮ ಫೋನಿನಿಂದ ಸರ್ವರ್‌ವರೆಗಿನ ದಾರಿಯಲ್ಲಿ ಯಾರೂ ಕದ್ದು ಓದದಂತೆ ರಕ್ಷಣೆ ಇದೆ ಎಂದಷ್ಟೇ ಅದರ ಅರ್ಥ. ಮಾಹಿತಿ ತಲುಪಿದ ಮೇಲೆ ಅದನ್ನು ಹೇಗೆ ಇಟ್ಟುಕೊಳ್ಳುತ್ತಾರೆ, ಉಗ್ರಾಣದ ಕೀ ಎಲ್ಲಿ ಬಿದ್ದಿದೆ ಎಂಬುದನ್ನು ಆ ಚಿಹ್ನೆ ಹೇಳುವುದಿಲ್ಲ. ಮೋಸದ ಜಾಲತಾಣಗಳೂ ಆ ಬೀಗದ ರಕ್ಷಣೆಯನ್ನು ಸುಲಭವಾಗಿ ಪಡೆಯುತ್ತವೆ.

ಹಾಗಾದರೆ ಸೋರಿಕೆ ಆಗುವುದು ಹೇಗೆ?

ಸಿನಿಮಾಗಳಲ್ಲಿ ತೋರಿಸುವಂತೆ ಕತ್ತಲ ಕೋಣೆಯಲ್ಲಿ ಕೂತು ಎನ್‌ಕ್ರಿಪ್ಷನ್ ಒಡೆಯುವ ಪ್ರಸಂಗಗಳು ವಿರಳ. ಹೆಚ್ಚಿನ ಸಲ ಕೀ ಇರುವ ಕಡತವೇ ಹೊರಗೆ ಬಿದ್ದಿರುತ್ತದೆ.

ಮೊದಲ ದಾರಿ, ಕೋಡ್ ಜೊತೆ ಕೀಯೂ ಹೊರಬೀಳುವುದು. ಡೆವಲಪರ್‌ಗಳು ತಾವು ಬರೆದ ಕೋಡನ್ನು ಗಿಟ್‌ಹಬ್‌ನಂಥ ತಾಣಗಳಲ್ಲಿ ಇಡುತ್ತಾರೆ. ಕೀ ಇರುವ ಕಾನ್ಫಿಗ್ ಕಡತವೂ ಅದರ ಜೊತೆ ಸೇರಿಬಿಟ್ಟರೆ ಅಪಾಯ.

ಜಪಾನಿನ ಟೊಯೋಟಾ ಕಂಪನಿಯಲ್ಲಿ ಆದದ್ದು ಇದೇ. ಕಾರು ಮಾಲೀಕರಿಗೆ ಕಂಪನಿ ಕೊಡುವ 'ಟಿ-ಕನೆಕ್ಟ್' ಸೇವೆಯ ಜಾಲತಾಣವನ್ನು ಹೊರಗುತ್ತಿಗೆ ಸಂಸ್ಥೆಯೊಂದು ರೂಪಿಸಿತ್ತು. ಅದರ ಕೋಡಿನ ಒಂದು ಭಾಗ ಕೈತಪ್ಪಿ ಗಿಟ್‌ಹಬ್‌ನಲ್ಲಿ ಎಲ್ಲರಿಗೂ ಕಾಣುವಂತೆ ಪ್ರಕಟವಾಯಿತು. ಗ್ರಾಹಕರ ಮಾಹಿತಿ ಇದ್ದ ಸರ್ವರ್‌ನ ಕೀ ಅದರಲ್ಲಿತ್ತು. 2017ರ ಡಿಸೆಂಬರ್‌ನಿಂದ 2022ರ ಸೆಪ್ಟೆಂಬರ್ 15ರವರೆಗೆ, ಅಂದರೆ ಹತ್ತಿರ ಹತ್ತಿರ ಐದು ವರ್ಷ ಅದು ಹಾಗೆಯೇ ಇತ್ತು. 2,96,019 ಗ್ರಾಹಕರ ಇಮೇಲ್ ವಿಳಾಸ ಮತ್ತು ಗ್ರಾಹಕ ಸಂಖ್ಯೆಗಳು ಸೋರಿರುವ ಸಾಧ್ಯತೆ ಇದೆ ಎಂದು 2022ರ ಅಕ್ಟೋಬರ್‌ನಲ್ಲಿ ಕಂಪನಿ ತಿಳಿಸಿ ಕ್ಷಮೆ ಕೇಳಿತು. ಯಾರಾದರೂ ಒಳಹೊಕ್ಕಿದ್ದು ಖಚಿತವಾಗಿಲ್ಲ, ಹೊಕ್ಕಿಲ್ಲ ಎಂದು ಸಂಪೂರ್ಣವಾಗಿ ಹೇಳಲೂ ಆಗದು ಎಂದಿತು. ಐದು ವರ್ಷ ಬಾಗಿಲು ತೆರೆದಿದ್ದ ಮನೆಯಲ್ಲಿ ಯಾರು ಬಂದು ಹೋದರು ಎಂದು ಹೇಗೆ ಹೇಳುವುದು?

ಊಬರ್‌ನದ್ದು ಇನ್ನೂ ದೊಡ್ಡ ಪ್ರಕರಣ. 2016ರಲ್ಲಿ ಅದರ ಎಂಜಿನಿಯರ್‌ಗಳು ಗಿಟ್‌ಹಬ್‌ನಲ್ಲಿ ಬಳಸುತ್ತಿದ್ದ ಖಾಸಗಿ ಸಂಗ್ರಹದೊಳಗೆ ದಾಳಿಕೋರರು ನುಗ್ಗಿದರು. ಅಲ್ಲಿ ಸಿಕ್ಕ ಕೀ ಹಿಡಿದು ಅಮೆಜಾನ್ ಕ್ಲೌಡ್‌ನಲ್ಲಿದ್ದ ಮಾಹಿತಿಗೆ ಕೈಹಾಕಿದರು. 5.7 ಕೋಟಿ ಪ್ರಯಾಣಿಕರು ಮತ್ತು ಚಾಲಕರ ಮಾಹಿತಿ ಅವರ ಪಾಲಾಯಿತು. ಕಂಪನಿ 1 ಲಕ್ಷ ಡಾಲರ್ ಕೊಟ್ಟು ವಿಷಯ ಮುಚ್ಚಿಟ್ಟಿತು. ಒಂದು ವರ್ಷದ ನಂತರ, 2017ರ ನವೆಂಬರ್‌ನಲ್ಲಿ ಅದು ಬಯಲಾಯಿತು. 2018ರಲ್ಲಿ ಅಮೆರಿಕದ ರಾಜ್ಯಗಳೊಂದಿಗೆ 14.8 ಕೋಟಿ ಡಾಲರ್‌ಗೆ ರಾಜಿಯಾಯಿತು. ಮುಚ್ಚಿಟ್ಟ ಪ್ರಕರಣದಲ್ಲಿ ಕಂಪನಿಯ ಆಗಿನ ಭದ್ರತಾ ಮುಖ್ಯಸ್ಥರು 2022ರಲ್ಲಿ ದೋಷಿ ಎಂದು ಸಾಬೀತಾಯಿತು. ಇಲ್ಲಿ ಗಮನಿಸಬೇಕಾದ ಮಾತು: ಆ ಸಂಗ್ರಹ ಖಾಸಗಿಯಾಗಿತ್ತು. 'ನಮ್ಮ ಕೋಡ್ ಪ್ರೈವೇಟ್, ಅದರಲ್ಲಿ ಪಾಸ್‌ವರ್ಡ್ ಇದ್ದರೇನು' ಎನ್ನುವವರಿಗೆ ಇದು ಉತ್ತರ.

ಇವು ಅಪರೂಪದ ಘಟನೆಗಳೇನಲ್ಲ. ಗಿಟ್‌ಗಾರ್ಡಿಯನ್ ಎಂಬ ಭದ್ರತಾ ಕಂಪನಿಯ ವರದಿಯ ಪ್ರಕಾರ 2024ರ ಒಂದೇ ವರ್ಷದಲ್ಲಿ ಗಿಟ್‌ಹಬ್‌ನ ಸಾರ್ವಜನಿಕ ಕೋಡಿನಲ್ಲಿ ಹೊಸದಾಗಿ ಸುಮಾರು 2.38 ಕೋಟಿ ಪಾಸ್‌ವರ್ಡ್ ಮತ್ತು ಕೀಗಳು ಕಂಡುಬಂದವು. ಇಂಥ ಕಂಪನಿಗಳು ಇದೇ ಸಮಸ್ಯೆಗೆ ಪರಿಹಾರ ಮಾರುತ್ತವೆ ಎಂಬುದನ್ನೂ ನೆನಪಿಡಿ. ಆದರೂ ಸಮಸ್ಯೆಯ ಗಾತ್ರ ಎಷ್ಟೆಂಬ ಅಂದಾಜು ಇದರಿಂದ ಸಿಗುತ್ತದೆ.

ಎರಡನೆಯ ದಾರಿ, ಕಡತವನ್ನು ತಪ್ಪು ಜಾಗದಲ್ಲಿಡುವುದು. ಅನೇಕ ಜಾಲತಾಣಗಳಲ್ಲಿ ಪಾಸ್‌ವರ್ಡ್‌ಗಳನ್ನು 'ಡಾಟ್ ಇಎನ್‌ವಿ' ಎಂಬ ಹೆಸರಿನ ಕಡತದಲ್ಲಿಡುತ್ತಾರೆ. ಸರ್ವರ್‌ನಲ್ಲಿ ಹೊರಗಿನವರಿಗೆ ಕಾಣುವ ಫೋಲ್ಡರ್ ಒಂದಿರುತ್ತದೆ, ಕಾಣದ ಫೋಲ್ಡರ್‌ಗಳು ಇನ್ನುಳಿದವು. ಈ ಕಡತ ಮೊದಲನೆಯದರಲ್ಲಿದ್ದರೆ ಜಾಲತಾಣದ ವಿಳಾಸದ ಮುಂದೆ ಕಡತದ ಹೆಸರು ಸೇರಿಸಿ ಯಾರು ಬೇಕಾದರೂ ತೆರೆದು ನೋಡಬಹುದು. ದಾಳಿಕೋರರ ಬಾಟ್‌ಗಳು ಹಗಲು ರಾತ್ರಿ ಸಿಕ್ಕಸಿಕ್ಕ ಜಾಲತಾಣಗಳಲ್ಲಿ ಇದನ್ನೇ ಹುಡುಕುತ್ತಿರುತ್ತವೆ. ಹೀಗೆ ತೆರೆದಿದ್ದ ಕಡತಗಳಿಂದ ಕ್ಲೌಡ್ ಕೀಗಳನ್ನು ಕದ್ದು, ಮಾಹಿತಿಯನ್ನು ಒತ್ತೆ ಇಟ್ಟುಕೊಂಡು ಹಣ ಕೇಳಿದ ದೊಡ್ಡ ಜಾಲವೊಂದರ ಬಗ್ಗೆ ಪಾಲೋ ಆಲ್ಟೋ ನೆಟ್‌ವರ್ಕ್ಸ್ ಕಂಪನಿಯ ಸಂಶೋಧಕರು 2024ರ ಆಗಸ್ಟ್‌ನಲ್ಲಿ ವರದಿ ಮಾಡಿದ್ದರು. ಅದು ಗುರಿಯಿಟ್ಟ ಜಾಲತಾಣ ವಿಳಾಸಗಳ ಸಂಖ್ಯೆ ಸುಮಾರು 1 ಲಕ್ಷ 10 ಸಾವಿರ.

ಮೂರನೆಯ ದಾರಿ, ನಮ್ಮ ದಿನನಿತ್ಯದ ಅಭ್ಯಾಸ. ಸರ್ವರ್‌ನ ಪಾಸ್‌ವರ್ಡನ್ನು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕುವುದು, ದೋಷ ಕೇಳಲು ಕಳುಹಿಸಿದ ಸ್ಕ್ರೀನ್‌ಶಾಟ್‌ನಲ್ಲಿ ಕೀ ಕಾಣುವುದು, ಬ್ಯಾಕಪ್ ಪ್ರತಿಯನ್ನು ಬೀಗವಿಲ್ಲದ ಕಡೆ ಇಡುವುದು, ಕಡತವನ್ನು ಇದ್ದಂತೆಯೇ ಎಐ ಚಾಟ್‌ಬಾಟ್‌ಗೆ ಅಂಟಿಸಿ 'ಇದರಲ್ಲಿ ತಪ್ಪೇನಿದೆ' ಎಂದು ಕೇಳುವುದು. ಇವುಗಳಲ್ಲಿ ಯಾವುದನ್ನೂ ಎನ್‌ಕ್ರಿಪ್ಷನ್ ತಡೆಯಲಾರದು.

ಸರಿಯಾಗಿ ಇಡುವ ಕ್ರಮ ಯಾವುದು?

ಸಣ್ಣ ಅಂಗಡಿಯ ಜಾಲತಾಣವಾಗಲಿ, ದೊಡ್ಡ ಕಂಪನಿಯ ಆ್ಯಪ್ ಆಗಲಿ, ಮೂಲ ನಿಯಮಗಳು ಒಂದೇ. ನಿಮ್ಮ ಮನೆಯಲ್ಲೋ ಬಳಗದಲ್ಲೋ ಸಾಫ್ಟ್‌ವೇರ್ ಕೆಲಸ ಮಾಡುವವರು, ಎಂಜಿನಿಯರಿಂಗ್ ಓದುತ್ತಿರುವವರು ಇದ್ದರೆ ಈ ಭಾಗ ಅವರಿಗೆ.

1. ಕೋಡ್ ಬೇರೆ, ಕೀ ಬೇರೆ. ಪಾಸ್‌ವರ್ಡನ್ನು ಕೋಡಿನೊಳಗೆ ಬರೆಯಬೇಡಿ. ಕಾನ್ಫಿಗ್ ಕಡತ ಗಿಟ್‌ಗೆ ಸೇರದಂತೆ 'ಗಿಟ್ ಇಗ್ನೋರ್' ಪಟ್ಟಿಗೆ ಹಾಕಿ. ಪರೀಕ್ಷೆ ಸರಳ: ನಿಮ್ಮ ಇಡೀ ಕೋಡನ್ನು ಈ ಕ್ಷಣ ಎಲ್ಲರೆದುರು ಪ್ರಕಟಿಸಿದರೂ ಯಾವ ಪಾಸ್‌ವರ್ಡೂ ಹೊರಬೀಳಬಾರದು.

2. ಕಡತ ಓದುವ ಹಕ್ಕು ಒಬ್ಬರಿಗೇ ಇರಲಿ. ಲಿನಕ್ಸ್ ಸರ್ವರ್‌ಗಳಲ್ಲಿ ಪ್ರತಿ ಕಡತಕ್ಕೂ ಮೂರು ಅಂಕಿಯ ಅನುಮತಿ ಇರುತ್ತದೆ. ಮೊದಲ ಅಂಕಿ ಕಡತದ ಮಾಲೀಕನಿಗೆ, ಎರಡನೆಯದು ಅವನ ಗುಂಪಿಗೆ, ಮೂರನೆಯದು ಉಳಿದವರಿಗೆ. ಓದಲು 4, ಬರೆಯಲು 2, ಚಲಾಯಿಸಲು 1. ಹಾಗಾಗಿ 600 ಎಂದರೆ ಮಾಲೀಕ ಮಾತ್ರ ಓದಿ ಬರೆಯಬಹುದು. 644 ಎಂದರೆ ಸರ್ವರ್‌ನಲ್ಲಿರುವ ಎಲ್ಲರೂ ಓದಬಹುದು. 777 ಎಂದರೆ ಎಲ್ಲರೂ ಏನು ಬೇಕಾದರೂ ಮಾಡಬಹುದು. 'ಕೆಲಸ ಆಗುತ್ತಿಲ್ಲ, 777 ಕೊಟ್ಟುಬಿಡು' ಎಂಬ ಸಲಹೆಯನ್ನು ಪಾಸ್‌ವರ್ಡ್ ಕಡತದ ವಿಷಯದಲ್ಲಿ ಎಂದೂ ಕೇಳಬೇಡಿ. ಕೆಲವು ತಂತ್ರಾಂಶಗಳು ಈ ನಿಯಮವನ್ನು ಕಡ್ಡಾಯ ಮಾಡಿವೆ. ಲಿನಕ್ಸ್‌ನಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಪಾಸ್‌ವರ್ಡ್ ಕಡತವನ್ನು ಬೇರೆಯವರೂ ಓದುವಂತಿದ್ದರೆ ತಂತ್ರಾಂಶ ಆ ಕಡತವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ದೂರದ ಸರ್ವರ್‌ಗೆ ಲಾಗಿನ್ ಆಗಲು ಬಳಸುವ ಎಸ್ಎಸ್ಎಚ್ ಕೂಡ ಹಾಗೆ ತೆರೆದಿಟ್ಟ ಖಾಸಗಿ ಕೀಯನ್ನು ಬಳಸಲು ಒಪ್ಪುವುದಿಲ್ಲ.

3. ಪ್ರತಿ ತಂತ್ರಾಂಶಕ್ಕೂ ಪ್ರತ್ಯೇಕ ಖಾತೆ. ಸರ್ವರ್ ತಂತ್ರಾಂಶವನ್ನು 'ರೂಟ್' ಎಂಬ ಸರ್ವಾಧಿಕಾರಿ ಖಾತೆಯಲ್ಲಿ ನಡೆಸಬೇಡಿ. ಅದಕ್ಕೆಂದೇ ಒಂದು ಸಾಮಾನ್ಯ ಖಾತೆ ಮಾಡಿ, ಕಡತ ಓದುವ ಹಕ್ಕನ್ನು ಆ ಖಾತೆಗೆ ಮಾತ್ರ ಕೊಡಿ.

4. ಪಾಸ್‌ವರ್ಡ್‌ಗೆ ಬೇಕಾದಷ್ಟೇ ಅಧಿಕಾರ. ಆರ್ಡರ್ ದಾಖಲಿಸುವ ಪುಟಕ್ಕೆ ಇಡೀ ಡೇಟಾಬೇಸ್ ಅಳಿಸುವ ಅಧಿಕಾರ ಏಕೆ? ಕೆಲಸದವರಿಗೆ ಹಿತ್ತಿಲ ಬಾಗಿಲ ಕೀಲಿಕೈ ಕೊಡುತ್ತೇವೆಯೇ ಹೊರತು ತಿಜೋರಿಯದ್ದನ್ನು ಕೊಡುವುದಿಲ್ಲ. ಆ ಪಾಸ್‌ವರ್ಡ್ ನಿರ್ದಿಷ್ಟ ಸರ್ವರ್‌ನಿಂದ ಬಂದರೆ ಮಾತ್ರ ಕೆಲಸ ಮಾಡುವಂತೆಯೂ ಡೇಟಾಬೇಸ್‌ನಲ್ಲಿ ಮಿತಿ ಹಾಕಬಹುದು. ಆಗ ಕದ್ದವನಿಗೂ ಅದರಿಂದ ಹೆಚ್ಚು ಪ್ರಯೋಜನವಾಗದು.

5. ಎನ್ವಿರಾನ್‌ಮೆಂಟ್ ವೇರಿಯಬಲ್ ಒಳ್ಳೆಯದು, ಆದರೆ ಮಾಂತ್ರಿಕ ಕವಚವಲ್ಲ. ತಂತ್ರಾಂಶ ಚಾಲೂ ಆಗುವಾಗ ಅದರ ಕಿವಿಯಲ್ಲಿ ಪಾಸ್‌ವರ್ಡ್ ಉಸುರಿದಂತೆ ಈ ವಿಧಾನ. ಕೋಡಿನಿಂದ ಕೀಯನ್ನು ದೂರ ಇಡಲು ಇದು ಸಹಾಯಕ. ಆದರೆ ಅದೇ ಖಾತೆಯಲ್ಲಿ ನಡೆಯುವ ಬೇರೆ ತಂತ್ರಾಂಶಗಳು ಅದನ್ನು ಓದಬಲ್ಲವು. ದೋಷ ತೋರಿಸುವ 'ಡೀಬಗ್' ಪುಟಗಳು ಕೆಲವೊಮ್ಮೆ ಅವನ್ನೆಲ್ಲ ಪರದೆಯ ಮೇಲೆ ಅಚ್ಚುಹಾಕಿಬಿಡುತ್ತವೆ. ಸಾರ್ವಜನಿಕರಿಗೆ ತೆರೆದ ಜಾಲತಾಣದಲ್ಲಿ ಡೀಬಗ್ ಯಾವಾಗಲೂ ಬಂದ್ ಇರಲಿ.

6. ಸಾಧ್ಯವಿದ್ದರೆ ಪ್ರತ್ಯೇಕ ತಿಜೋರಿ. ಹ್ಯಾಶಿಕಾರ್ಪ್ ವಾಲ್ಟ್, ಎಡಬ್ಲ್ಯೂಎಸ್ ಸೀಕ್ರೆಟ್ಸ್ ಮ್ಯಾನೇಜರ್, ಅಜೂರ್ ಕೀ ವಾಲ್ಟ್, ಗೂಗಲ್ ಸೀಕ್ರೆಟ್ ಮ್ಯಾನೇಜರ್‌ನಂಥ ಸೇವೆಗಳು ಪಾಸ್‌ವರ್ಡ್‌ಗಳನ್ನು ಬೇರೆಡೆ ಕಾಪಾಡಿ, ಬೇಕಾದಾಗ ತಂತ್ರಾಂಶಕ್ಕೆ ಕೊಡುತ್ತವೆ. ಯಾರು ಯಾವಾಗ ಕೇಳಿದರು ಎಂಬ ದಾಖಲೆ ಉಳಿಯುತ್ತದೆ. ಕೆಲವೇ ಗಂಟೆ ನಡೆಯುವ ತಾತ್ಕಾಲಿಕ ಕೀಗಳನ್ನೂ ಪಡೆಯಬಹುದು. ಹಾಗಾದರೆ ಆ ತಿಜೋರಿ ತೆರೆಯುವ ಕೀ ಎಲ್ಲಿಡುವುದು? ಪ್ರಶ್ನೆ ನ್ಯಾಯವಾದದ್ದು. ಕ್ಲೌಡ್‌ನಲ್ಲಿ ಇದಕ್ಕೆ ಒಂದು ದಾರಿಯಿದೆ: ಆಯಾ ಸರ್ವರ್ ಯಂತ್ರಕ್ಕೇ ಗುರುತು ಕೊಟ್ಟು, ಕಡತದಲ್ಲಿ ಕೀ ಬರೆದಿಡುವ ಅಗತ್ಯವೇ ಇಲ್ಲದಂತೆ ಮಾಡಬಹುದು. ಅಷ್ಟಾದರೂ ಸರ್ವರ್ ಒಳಗೆ ಪೂರ್ತಿ ಹಿಡಿತ ಸಾಧಿಸಿದ ಕಳ್ಳನನ್ನು ಇದು ತಡೆಯಲಾರದು. ಅವನು ಎಷ್ಟು ಹೊತ್ತು, ಎಷ್ಟು ದೂರ ಹೋಗಬಲ್ಲ ಎಂಬುದನ್ನು ಕಡಿಮೆ ಮಾಡುತ್ತದೆ.

ಕೀ ಸೋರಿದೆ ಎಂದು ಗೊತ್ತಾದರೆ?

ಹೆಚ್ಚಿನವರು ಮೊದಲು ಮಾಡುವ ಕೆಲಸ ಕಡತ ಅಳಿಸುವುದು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಗುತ್ತದೆ ಅದು. ಗಿಟ್ ಹಳೆಯ ಪ್ರತಿಗಳನ್ನೆಲ್ಲ ನೆನಪಿಟ್ಟುಕೊಳ್ಳುತ್ತದೆ. ಇಂದು ಅಳಿಸಿದ ಪಾಸ್‌ವರ್ಡ್ ನಿನ್ನೆಯ ಪ್ರತಿಯಲ್ಲಿ ಹಾಗೆಯೇ ಉಳಿದಿರುತ್ತದೆ. ಅಷ್ಟರಲ್ಲಿ ಬಾಟ್‌ಗಳು ಅದನ್ನು ನಕಲು ಮಾಡಿಕೊಂಡಿರಲೂಬಹುದು.

ಮೊದಲು ಮಾಡಬೇಕಾದದ್ದು ಹಳೆಯ ಕೀಯನ್ನು ರದ್ದು ಮಾಡಿ ಹೊಸದನ್ನು ಹಾಕುವುದು. ಹಳೆಯ ಕೀ ಕೆಲಸ ಮಾಡದಿದ್ದರೆ ಅದು ಎಲ್ಲಿ ಬಿದ್ದಿದ್ದರೂ ಅಪಾಯವಿಲ್ಲ. ಆಮೇಲೆ ಯಾರಾದರೂ ಅದನ್ನು ಬಳಸಿದ್ದಾರೆಯೇ ಎಂದು ಲಾಗ್ ಪರಿಶೀಲಿಸುವುದು, ಕಡತ ಅಳಿಸುವುದು. ಆದರೆ ಈ ಮೊದಲ ಹೆಜ್ಜೆಯನ್ನೇ ಅನೇಕರು ಇಡುವುದಿಲ್ಲ. 2022ರಲ್ಲಿ ಸೋರಿದ್ದ ಕೀಗಳಲ್ಲಿ ಶೇ 70ರಷ್ಟು ಇನ್ನೂ ಚಾಲ್ತಿಯಲ್ಲಿದ್ದವು ಎಂದು ಮೇಲೆ ಹೇಳಿದ ಗಿಟ್‌ಗಾರ್ಡಿಯನ್ ವರದಿಯೇ ಹೇಳುತ್ತದೆ.

ಭಾರತದಲ್ಲಿ ಕಾನೂನಿನ ಹೊಣೆಯೂ ಇದೆ. ಮಾಹಿತಿ ಸೋರಿಕೆಯಂಥ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ತನಗೆ ತಿಳಿಸಬೇಕು ಎಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ನಿರ್ದೇಶನ ಹೊರಡಿಸಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ಜನರ ಮಾಹಿತಿಗೆ ತಕ್ಕ ಭದ್ರತೆ ಒದಗಿಸದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಹಂತ ಹಂತವಾಗಿ ಜಾರಿಗೆ ಬರುತ್ತವೆ.

ಸಾಮಾನ್ಯ ಬಳಕೆದಾರರು ಏನು ಮಾಡಬಹುದು?

ಯಾವುದೋ ಕಂಪನಿಯ ಸರ್ವರ್ ಒಳಗೆ ಏನಿದೆ ಎಂದು ನೀವು ನೋಡಲಾರಿರಿ. ಆದರೆ ಅಲ್ಲಿನ ತಪ್ಪಿನಿಂದ ನಿಮಗಾಗುವ ಹಾನಿಯನ್ನು ತಗ್ಗಿಸಬಹುದು.

• ಒಂದೊಂದು ಸೇವೆಗೆ ಒಂದೊಂದು ಪಾಸ್‌ವರ್ಡ್ ಇರಲಿ. ಒಂದು ಕಡೆ ಸೋರಿದ ಪಾಸ್‌ವರ್ಡನ್ನು ದಾಳಿಕೋರರು ಬೇರೆ ಕಡೆಯೂ ಹಾಕಿ ನೋಡುತ್ತಾರೆ. ನೆನಪಿಡಲು ಕಷ್ಟವಾದರೆ ಫೋನಿನಲ್ಲೇ ಇರುವ ಪಾಸ್‌ವರ್ಡ್ ಮ್ಯಾನೇಜರ್ ಬಳಸಿ.
• ಇಮೇಲ್, ಬ್ಯಾಂಕ್, ವಾಟ್ಸ್‌ಆ್ಯಪ್ ಖಾತೆಗಳಿಗೆ ಎರಡು ಹಂತದ ಪರಿಶೀಲನೆ ಹಾಕಿ.
• ಯಾವುದೇ ಆ್ಯಪ್ ಕೇಳಿತೆಂದು ಎಲ್ಲ ವಿವರ ಕೊಡಬೇಡಿ. ಅವರ ಬಳಿ ಇಲ್ಲದ ಮಾಹಿತಿ ಅವರಿಂದ ಸೋರಲಾರದು.
• ಸೋರಿಕೆಯ ಸುದ್ದಿ ಬಂದ ಮೇಲೆ ನಿಮ್ಮ ಹೆಸರು, ಆರ್ಡರ್ ವಿವರ ಹೇಳಿ ಕರೆ ಮಾಡಿದವರನ್ನು ನಂಬಬೇಡಿ. ವಿವರ ಸರಿಯಾಗಿದೆ ಎಂದ ಮಾತ್ರಕ್ಕೆ ಅವರು ಕಂಪನಿಯವರಾಗುವುದಿಲ್ಲ. ಒಟಿಪಿ ಹೇಳಬೇಡಿ. ಹಣ ಕಳೆದುಕೊಂಡರೆ ತಡಮಾಡದೆ 1930ಕ್ಕೆ ಕರೆ ಮಾಡಿ.
• 'ಇಲ್ಲಿ ಒತ್ತಿ, ನಿಮ್ಮ ಪಾಸ್‌ವರ್ಡ್ ಸೋರಿದೆಯೇ ನೋಡಿ' ಎಂಬ ಫಾರ್ವರ್ಡ್ ಲಿಂಕ್‌ಗಳನ್ನು ತೆರೆಯಬೇಡಿ. ಕಂಪನಿಯ ಆ್ಯಪ್ ಅಥವಾ ಜಾಲತಾಣಕ್ಕೆ ನೀವೇ ಹೋಗಿ ನೋಡಿ.

ನಿಮ್ಮ ಅಂಗಡಿ, ಸಹಕಾರ ಸಂಘ, ಶಾಲೆ ಅಥವಾ ದೇವಸ್ಥಾನ ಸಮಿತಿಗೆ ಜಾಲತಾಣ ಮಾಡಿಸಿದ್ದರೆ, ಅದರಲ್ಲಿರುವ ಜನರ ಮಾಹಿತಿಗೆ ನೀವೂ ಹೊಣೆಗಾರರು. ಮಾಡಿಕೊಟ್ಟವರನ್ನು ನಾಲ್ಕು ಪ್ರಶ್ನೆ ಕೇಳಿ. ಡೇಟಾಬೇಸ್ ಪಾಸ್‌ವರ್ಡ್ ಯಾವ ಕಡತದಲ್ಲಿದೆ, ಅದನ್ನು ಯಾರೆಲ್ಲ ಓದಬಲ್ಲರು? ಅದು ಕೋಡಿನ ಜೊತೆ ಗಿಟ್‌ಹಬ್‌ನಲ್ಲಿ ಇದೆಯೇ? ಆ ಪಾಸ್‌ವರ್ಡ್‌ನಿಂದ ಏನೇನು ಮಾಡಬಹುದು? ಕೆಲಸ ಬಿಟ್ಟು ಹೋದವರಿಗೆ ಗೊತ್ತಿದ್ದ ಪಾಸ್‌ವರ್ಡನ್ನು ಬದಲಿಸಿದ್ದೀರಾ? ಉತ್ತರ 'ಎನ್‌ಕ್ರಿಪ್ಟ್ ಮಾಡಿದ್ದೇವೆ, ಚಿಂತೆ ಬೇಡ' ಎಂದು ಬಂದರೆ ಐದನೆಯ ಪ್ರಶ್ನೆಯನ್ನೂ ಕೇಳಿ: 'ಅದನ್ನು ಬಿಡಿಸುವ ಕೀ ಎಲ್ಲಿದೆ?'

ತೀರ್ಮಾನ

'ಸರ್ವರ್‌ನ ಪಾಸ್‌ವರ್ಡ್ ಎನ್‌ಕ್ರಿಪ್ಟ್ ಆಗಿದ್ದರೆ ಮಾಹಿತಿ ಸುರಕ್ಷಿತ' ಎಂಬ ಹೇಳಿಕೆ ದಾರಿ ತಪ್ಪಿಸುವಂಥದ್ದು. ತಂತ್ರಾಂಶಕ್ಕೆ ಅಸಲು ಪಾಸ್‌ವರ್ಡ್ ಬೇಕಾಗುವುದರಿಂದ ಅದನ್ನು ಬಿಡಿಸುವ ದಾರಿಯೂ ಎಲ್ಲೋ ಹತ್ತಿರದಲ್ಲೇ ಇರುತ್ತದೆ. ಕಡತವನ್ನು ಓದುವವರನ್ನು ಮಿತಗೊಳಿಸುವುದು, ಪಾಸ್‌ವರ್ಡ್‌ನ ಅಧಿಕಾರವನ್ನು ಕಿರಿದಾಗಿಸುವುದು, ಸೋರಿದ ಕೂಡಲೇ ಬದಲಿಸಲು ಸಿದ್ಧವಿರುವುದು, ಈ ಮೂರೂ ಇದ್ದಾಗ ಎನ್‌ಕ್ರಿಪ್ಷನ್ ಹೆಚ್ಚುವರಿ ಬಲ ಕೊಡುತ್ತದೆ. ಇವು ಮೂರೂ ಇಲ್ಲದಿದ್ದರೆ ಅದು ಕುಂಡದ ಕೆಳಗಿಟ್ಟ ಡಬ್ಬಿಯಷ್ಟೇ.